ಹಾರುವ ವಿಮಾನದಲ್ಲಿ ನಿಂತಿರುವವರು

2024ನೆಯ ಇಸವಿ ಮೇ 21ರಂದು ಸಿಂಗಪುರ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ 777 ವಿಮಾನವೊಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದಿತು. ಮ್ಯಾನ್ಮಾರ್ ದೇಶದ ಮೇಲೆ, 37,000 ಅಡಿ ಎತ್ತರ. ಬೆಳಗಿನ ಉಪಾಹಾರ ಹಂಚುವ ಸಮಯ. ಹಠಾತ್ತಾಗಿ ವಿಮಾನವು ಕುಲುಕಿತು. ಸಹಜಕ್ಕಿಂತ 1.35 ಪಟ್ಟು ಇದ್ದ ಭಾರವು 0.6 ಸೆಕೆಂಡಿನಲ್ಲಿ ಸೊನ್ನೆಯನ್ನೂ ದಾಟಿ ಋಣ 1.5ಕ್ಕೆ ಇಳಿಯಿತೆಂದು ಯಂತ್ರಗಳು ದಾಖಲಿಸಿವೆ. ಪ್ರಯಾಣಿಕರೂ ಪರಿಚಾರಕರೂ ಗಾಯಗೊಂಡರು. ಒಬ್ಬ ಪ್ರಯಾಣಿಕರು ತೀರಿಕೊಂಡರು.

ಭಾರವು ಋಣವಾಗುವುದೆಂದರೇನು? ವಿಮಾನವು ಕೈಬಿಟ್ಟ ಕಲ್ಲಿನಂತೆ ಬಿದ್ದರೆ ಒಳಗಿರುವವರೂ ಅದರ ಜೊತೆಯಲ್ಲೇ ಬೀಳುವರು. ಆಗ ಅವರ ಭಾರ ಸೊನ್ನೆ. ಆದರೆ ಗಾಳಿಯ ಹೊಡೆತದಿಂದ ವಿಮಾನವು ಅದಕ್ಕಿಂತಲೂ ತೀವ್ರವಾಗಿ ಕೆಳಕ್ಕೆ ತಳ್ಳಲ್ಪಟ್ಟರೆ? ಬೆಲ್ಟು ಕಟ್ಟಿಕೊಂಡವನನ್ನು ಆಸನವು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ನಿಂತವನನ್ನು ಎಳೆಯುವುದು ಏನೂ ಇಲ್ಲ. ಅವನು ಮೇಲಕ್ಕೆ ಹಾರಿದಂತೆ ಕಂಡರೂ ವಾಸ್ತವವಾಗಿ ಚಾವಣಿಯೇ ಕೆಳಗಿಳಿದು ಅವನ ತಲೆಗೆ ಬಡಿಯುತ್ತದೆ. ಮೇಲೆ ಹೇಳಿದ ವಿಮಾನದಲ್ಲಿ ನಾಲ್ಕು ಸೆಕೆಂಡುಗಳೊಳಗೆ ಭಾರವು ಮರಳಿ ಒಂದೂವರೆ ಪಟ್ಟಾಯಿತು. ಚಾವಣಿಗೆ ಬಡಿದವರು ನೆಲಕ್ಕೆ ಅಪ್ಪಳಿಸಿದರು. ಬಿಸಿನೀರಿನ ಪಾತ್ರೆ, ಆಹಾರ ತುಂಬಿದ ತಳ್ಳುಗಾಡಿಗಳೂ ಇದೇ ನಿಯಮಕ್ಕೆ ಒಳಪಟ್ಟವು ಎಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ವಿಮಾನದಲ್ಲಿ ಹೆಚ್ಚು ಹೊತ್ತು ನಿಂತಿರುವವರು ಯಾರು? ಪರಿಚಾರಕರು. ಅಮೆರಿಕದ ವಿಮಾನಯಾನ ಆಡಳಿತದ ಲೆಕ್ಕದಂತೆ 2009ರಿಂದ 2022ರವರೆಗೆ ವಾಯುಕ್ಷೋಭೆಯಿಂದ ತೀವ್ರವಾಗಿ ಗಾಯಗೊಂಡವರು 163 ಮಂದಿ. ಅವರಲ್ಲಿ 129 ಮಂದಿ ವಿಮಾನದ ಸಿಬ್ಬಂದಿ! ಪ್ರಯಾಣಿಕರ ಸಂಖ್ಯೆ ಸಿಬ್ಬಂದಿಗಿಂತ ಎಷ್ಟೋ ಪಟ್ಟು ಹೆಚ್ಚೆಂಬುದನ್ನು ನೆನೆದರೆ ಈ ಅಂಕಿಯ ಅರ್ಥ ತಿಳಿಯುತ್ತದೆ. ಇಂಥ ಬಹುಪಾಲು ಪ್ರಸಂಗಗಳಲ್ಲಿ ವಿಮಾನಕ್ಕೆ ಏನೂ ಆಗಿರುವುದಿಲ್ಲ. ಮುರಿಯುವುದು ಮನುಷ್ಯರ ಮೂಳೆ.

ಚಾಲಕನಿಗೆ ಮುಂಚೆಯೇ ತಿಳಿಯಬಾರದೇ ಎಂದು ಕೇಳಬಹುದು. ವಿಮಾನದ ರೇಡಾರು ಮೋಡದೊಳಗಿನ ನೀರಹನಿಗಳನ್ನು ಗುರುತಿಸಬಲ್ಲುದು. ಆದರೆ ಎತ್ತರದಲ್ಲಿ ಹರಿಯುವ ಜೆಟ್ ಪ್ರವಾಹದ ಅಂಚುಗಳಲ್ಲಿ, ವೇಗ ಬೇರೆಬೇರೆಯಾದ ಗಾಳಿಯ ಪದರಗಳು ಒಂದರ ಮೇಲೊಂದು ಜಾರಿ ಸುಳಿಗಳಾಗಿ ಒಡೆಯುತ್ತವೆ. ಅಲ್ಲಿ ಮೋಡವಿಲ್ಲ, ಹನಿಯಿಲ್ಲ, ಆಕಾಶ ನಿರ್ಮಲ. ರೇಡಾರಿಗೂ ಕಣ್ಣಿಗೂ ಅದು ಕಾಣದು. ಉತ್ತರ ಅಟ್ಲಾಂಟಿಕ್ಕಿನ ಮೇಲೆ ಇಂಥ ತೀವ್ರ ಕ್ಷೋಭೆಯ ಅವಧಿಯು 1979ರಿಂದ 2020ರೊಳಗೆ ಶೇಕಡ 55ರಷ್ಟು ಹೆಚ್ಚಿತೆಂದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದರು.

ಕಾಣದ ಗಾಳಿಯನ್ನು ತಡೆಯಲಾಗದು, ಪರಿಚಾರಕರನ್ನು ಕುಳ್ಳಿರಿಸಬಹುದು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಒಂದು ಲೋಟ ಕಾಫಿ ತಡವಾದರೆ ಸಹಿಸುವ ಪ್ರಯಾಣಿಕರು ಬೇಕು. ಆ ಅಪಘಾತದ ತರುವಾಯ ಸಿಂಗಪುರದ ಸಂಸ್ಥೆಯು, ಬೆಲ್ಟಿನ ದೀಪ ಬೆಳಗುತ್ತಿರುವಾಗ ಬಿಸಿ ಪಾನೀಯಗಳೊಡನೆ ಊಟ ಬಡಿಸುವುದನ್ನೂ ನಿಲ್ಲಿಸಿತು. ಇಳಿಯುವುದಕ್ಕೆ 20 ನಿಮಿಷ ಮುಂಚಿನವರೆಗೂ ನಡೆಯುತ್ತಿದ್ದ ಉಪಚಾರವನ್ನು ಕೊರಿಯನ್ ಏರ್ ಸಂಸ್ಥೆಯು 2024ರ ಜುಲೈಯಿಂದ 40 ನಿಮಿಷ ಮುಂಚೆಯೇ ಮುಗಿಸತೊಡಗಿತು. ಆಗಸ್ಟಿನಲ್ಲಿ, ದೂರಪ್ರಯಾಣದ ಸಾಮಾನ್ಯ ದರ್ಜೆಯವರಿಗೆ ಕುದಿನೀರು ಹೊಯ್ದು ಕೊಡುತ್ತಿದ್ದ ನೂಡಲ್ಸನ್ನೂ ಕೈಬಿಟ್ಟಿತು.