ಪೂರ್ವನಿರ್ಣಯ ಮತ್ತು ದತ್ತಪುತ್ರತ್ವ: ಕ್ರೈಸ್ತ ಚಿಂತನೆಯ ಎರಡು ಪದಗಳ ಚರಿತ್ರೆ

ಯೂರೋಪಿನ ಮತಸುಧಾರಣೆಯನ್ನು ತರಗತಿಯಲ್ಲಿ ಬೋಧಿಸುವಾಗ ಜಾನ್ ಕ್ಯಾಲ್ವಿನ್ನನ ಹೆಸರು ಬಂದೊಡನೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದುಂಟು: ಯಾರಿಗೆ ಮುಕ್ತಿ, ಯಾರಿಗಿಲ್ಲ ಎಂಬುದನ್ನು ದೇವರು ಮೊದಲೇ ಗೊತ್ತುಮಾಡಿರುವನೆಂದಾದರೆ ಅದು ನಮ್ಮ ಹಣೆಯ ಬರಹಕ್ಕಿಂತ ಹೇಗೆ ಭಿನ್ನ? ಪಠ್ಯಪುಸ್ತಕಗಳು ಪೂರ್ವನಿರ್ಣಯವಾದವನ್ನು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವುದರಿಂದ ಅವುಗಳಲ್ಲಿ ಇದಕ್ಕೆ ಉತ್ತರ ದೊರೆಯದು. ಆ ವಾದದೊಡನೆಯೇ ಹುಟ್ಟಿದ ಮತ್ತೊಂದು ಭಾವನೆಯನ್ನು, ಎಂದರೆ ಮನುಷ್ಯನು ದೇವರ ದತ್ತಪುತ್ರನಾಗುವನೆಂಬ ಭಾವನೆಯನ್ನು, ಬಿಟ್ಟು ನೋಡಿದರೆ ಅದು ಬರಿಯ ವಿಧಿವಾದವಾಗಿಯೇ ಕಾಣುತ್ತದೆ. ಈ ಎರಡರ ಸಂಬಂಧವನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ. ನಮ್ಮ ದೃಷ್ಟಿ ಚರಿತ್ರಕಾರನದು. ಮತತತ್ತ್ವದ ಸತ್ಯಾಸತ್ಯ ನಿರ್ಣಯವು ನಮ್ಮ ಕೆಲಸವಲ್ಲ.

ಹೊಸ ಒಡಂಬಡಿಕೆಯಲ್ಲಿ ಎಫೆಸದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದ ಐದನೆಯ ವಚನದಲ್ಲಿ ಈ ಎರಡು ಭಾವನೆಗಳೂ ಒಟ್ಟಿಗೆ ಬಂದಿವೆ. (ಈ ಪತ್ರವು ಪೌಲನದೇ, ಅವನ ಶಿಷ್ಯನೊಬ್ಬನದೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.) ಅಲ್ಲಿನ ಗ್ರೀಕ್ ಕ್ರಿಯಾಪದ 'ಪ್ರೊಒರಿಜೊ'. ಅದರೊಳಗೆ ಅಡಗಿರುವ 'ಹೊರೊಸ್' ಎಂದರೆ ಎಲ್ಲೆ, ಗಡಿ. ಆದುದರಿಂದ ಮೂಲಾರ್ಥವು ಮುಂಚಿತವಾಗಿ ಎಲ್ಲೆಕಟ್ಟು ಗುರುತಿಸುವುದು ಎಂದಾಗುತ್ತದೆ. ನಾಮಪದ 'ಹ್ಯುಯಿಯೊಥೆಸಿಯ', ಮಗನ ಸ್ಥಾನದಲ್ಲಿ ಇರಿಸುವುದು ಎಂದು ಅದರ ಅರ್ಥ. ಮೊದಲನೆಯ ಪದ ಹೊಸ ಒಡಂಬಡಿಕೆಯಲ್ಲಿ ೬ ಸಲ, ಎರಡನೆಯದು ೫ ಸಲ ಮಾತ್ರ ಬರುತ್ತದೆ. ಎರಡನೆಯದು ಪೌಲನ ಹೆಸರಿನ ಪತ್ರಗಳಲ್ಲಲ್ಲದೆ ಬೇರೆ ಎಲ್ಲಿಯೂ ಇಲ್ಲ.

ಯೆಹೂದಿ ಧರ್ಮಶಾಸ್ತ್ರದಲ್ಲಿ ದತ್ತಸ್ವೀಕಾರಕ್ಕೆ ವಿಧಿಬದ್ಧವಾದ ಸ್ಥಾನವಿರಲಿಲ್ಲ. ಪೌಲನ ಓದುಗರಿಗೆ ಅದು ಗ್ರೀಕ್ ಮತ್ತು ರೋಮನ್ ಜೀವನದಿಂದ ಪರಿಚಿತವಾಗಿದ್ದ ಪದ್ಧತಿ. ರೋಮಿನಲ್ಲಿ ತಂದೆಗೆ ಮಕ್ಕಳ ಮೇಲಿದ್ದ ಅಧಿಕಾರವು ಜೀವಾವಧಿಯದು. ಅದನ್ನು ಕಡಿಯಲು ಹುಟ್ಟಿಸಿದ ತಂದೆಯು ಮಗನನ್ನು ಸಾಂಕೇತಿಕವಾಗಿ ಮೂರು ಸಲ ಮಾರಬೇಕಾಗಿತ್ತು. ಮೂರನೆಯ ಮಾರಾಟದೊಂದಿಗೆ ಹಳೆಯ ಅಧಿಕಾರ ಅಳಿದು, ನ್ಯಾಯಾಧಿಕಾರಿಯ ಮುಂದೆ ಹೊಸ ತಂದೆಯು ಅವನನ್ನು ತನ್ನವನೆಂದು ಪಡೆಯುತ್ತಿದ್ದನು. ಹೊಸ ಹೆಸರು, ಹೊಸ ಕುಲದೇವತೆಗಳು, ಹೊಸ ದಾಯಾಧಿಕಾರ ಇವೆಲ್ಲವೂ ಅವನಿಗೆ ಬರುತ್ತಿದ್ದವು. ಕುಲದ ಹೆಸರೂ ಪೂಜೆಯೂ ಮುಂದುವರಿಯಬೇಕೆಂಬ ಕಾಳಜಿಯಲ್ಲಿ ಇದು ನಮ್ಮ ದತ್ತಕಪದ್ಧತಿಯನ್ನು ಹೋಲುತ್ತದೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಬಾಲಕನನ್ನು ದತ್ತು ಕೊಡುವರು. ರೋಮಿನ ಶ್ರೀಮಂತ ಮನೆತನಗಳಲ್ಲಿ ಬೆಳೆದ ಗಂಡಸರನ್ನು ಆರಿಸಿಕೊಳ್ಳುತ್ತಿದ್ದರು. ಕ್ರಿ.ಶ. ೪ರಲ್ಲಿ ಆಗಸ್ಟಸ್ ಚಕ್ರವರ್ತಿಯು ದತ್ತು ತೆಗೆದುಕೊಂಡಾಗ ಟೈಬೀರಿಯಸ್ಸನಿಗೆ ೪೪ ವರ್ಷ! ಕ್ರಿ.ಶ. ೫೦ರಲ್ಲಿ ಕ್ಲಾಡಿಯಸ್ಸನು ಸ್ವಂತ ಮಗನಿದ್ದರೂ ನೀರೊನನ್ನು ದತ್ತು ಪಡೆದನು. ಆ ದತ್ತುಮಗನು ರಾಜ್ಯವಾಳುತ್ತಿದ್ದಾಗಲೇ ಪೌಲನು ರೋಮಾಪುರದವರಿಗೆ ಪತ್ರ ಬರೆದನು. ದತ್ತು ಎಂದೊಡನೆ ಆಯ್ಕೆ ಎಂಬ ಅರ್ಥವು ಆ ಓದುಗರಿಗೆ ತಾನಾಗಿಯೇ ಹೊಳೆಯುತ್ತಿದ್ದಿರಬೇಕು. ಆದರೆ ರೋಮಿನ ತಂದೆಯು ಯೋಗ್ಯತೆಯನ್ನು ನೋಡಿ ಆರಿಸುವನು. ಪೌಲನ ದೇವರು ಯೋಗ್ಯತೆಯಿಲ್ಲದವನನ್ನು ಆರಿಸುವನು. ಉಪಮಾನವು ಮುರಿದುಬೀಳುವ ಈ ಎಡೆಯಲ್ಲಿಯೇ ಹೊಸ ಮತದ ತಿರುಳಿದೆಯೆಂದು ನಮ್ಮ ಅಭಿಪ್ರಾಯ.

ಇಷ್ಟರಿಂದ ವಿದ್ಯಾರ್ಥಿಗಳ ಪ್ರಶ್ನೆಗೆ ಒಂದು ಮಟ್ಟಿನ ಉತ್ತರ ಸಿಗುತ್ತದೆ. ಹಣೆಯ ಬರಹವು ಪೂರ್ವಕರ್ಮದ ಫಲ; ಅದನ್ನು ಜೀವನು ತಾನೇ ಗಳಿಸಿಕೊಂಡದ್ದು. ಪೂರ್ವನಿರ್ಣಯವು ಗಳಿಕೆಯಲ್ಲ, ದೇವರ ಸಂಕಲ್ಪ. ಮಧ್ವಾಚಾರ್ಯರ ಜೀವತ್ರೈವಿಧ್ಯವನ್ನು ಇದಕ್ಕೆ ಹೋಲಿಸುವವರುಂಟು. ಹೋಲಿಕೆಯು ಮೇಲುನೋಟಕ್ಕೆ ಸರಿ. ಆದರೆ ಅಲ್ಲಿ ಜೀವರ ಗತಿಭೇದಕ್ಕೆ ಅವರ ಅನಾದಿಯಾದ ಸ್ವಭಾವವೇ ಆಧಾರ. ಕ್ಯಾಲ್ವಿನ್ನನಲ್ಲಿ ಎಲ್ಲ ಮನುಷ್ಯರ ಸ್ವಭಾವವೂ ಸಮಾನವಾಗಿ ಕೆಟ್ಟಿದೆ. ಭೇದವು ಸಂಕಲ್ಪದಿಂದ ಮಾತ್ರ.

ಆರಿಸಲ್ಪಡದವರ ಗತಿಯೇನು? ಈ ವಾದವನ್ನು ಕಾಡಿದ ಪ್ರಶ್ನೆ ಇದೇ. ಕೃಪೆಯ ಅಗತ್ಯವನ್ನು ಅಲ್ಲಗಳೆದ ಪೆಲೇಜಿಯಸ್ಸನ ಮತವನ್ನು ೪೧೮ರಲ್ಲಿ ಕಾರ್ಥೇಜಿನ ಸಭೆ ಖಂಡಿಸಿತು; ಆಗಸ್ಟಿನನು ೪೩೦ರಲ್ಲಿ ತೀರಿಕೊಳ್ಳುವ ವೇಳೆಗೆ ಪೂರ್ವನಿರ್ಣಯವನ್ನು ತನ್ನ ಕೃಪಾಸಿದ್ಧಾಂತದ ಅಂಗವನ್ನಾಗಿ ಮಾಡಿದ್ದನು. ೫೨೯ರ ಆರೆಂಜ್ ಸಭೆಯು ಕೃಪೆಯನ್ನು ಎತ್ತಿಹಿಡಿಯಿತು, ಆದರೆ ಕೆಲವರನ್ನು ದೇವರೇ ಕೆಡುಕಿಗೆ ಗೊತ್ತುಮಾಡಿರುವನೆಂಬುದನ್ನು ಒಪ್ಪಲಿಲ್ಲ. ಇದಾದ ಮೂರು ಶತಮಾನಗಳ ಮೇಲೆ ಬಂದ ಗಾಟ್‌ಶಾಕ್ ಎಂಬ ಸನ್ಯಾಸಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನಮ್ಮ ಎರಡು ಪದಗಳೂ ಒಬ್ಬನ ಬಾಳಿನಲ್ಲಿ ಸಂಧಿಸಿದ್ದು ಅಲ್ಲಿ.

ಗಾಟ್‌ಶಾಕ್ ಸ್ಯಾಕ್ಸನ್ ಕುಲೀನನೊಬ್ಬನ ಮಗ. ಎಳವೆಯಲ್ಲಿಯೇ ಅವನನ್ನು ಫುಲ್ಡಾ ಮಠಕ್ಕೆ ಅರ್ಪಿಸಿದರು. ಸಂತ ಬೆನೆಡಿಕ್ಟನ ಮಠನಿಯಮಾವಳಿಯ ೫೯ನೆಯ ಅಧ್ಯಾಯದಂತೆ ತಂದೆತಾಯಿಗಳು ಅರ್ಪಣಪತ್ರವನ್ನೂ ಮಗುವಿನ ಕೈಯನ್ನೂ ಬಲಿಪೀಠದ ವಸ್ತ್ರದಲ್ಲಿ ಸುತ್ತಿ ಒಪ್ಪಿಸುವರು. ಇನ್ನು ಮುಂದೆ ಮಗುವಿಗೆ ತಮ್ಮ ಆಸ್ತಿಯಲ್ಲಿ ಏನನ್ನೂ ಕೊಡುವುದಿಲ್ಲವೆಂದು ಪ್ರಮಾಣ ಮಾಡುವರು. ಮಠಾಧಿಪತಿಗೆ 'ಅಬ್ಬಾಸ್' ಎಂದು ಹೆಸರು. ಅದು ತಂದೆಯೆಂಬ ಅರ್ಥದ 'ಅಬ್ಬಾ' ಎಂಬ ಅರಮಾಯಿಕ್ ಪದದಿಂದ ಬಂದುದು. ದೇವರ ದತ್ತಪುತ್ರರು ದೇವರನ್ನು ಕೂಗುವ ಪದವೆಂದು ಪೌಲನು ಹೇಳುವುದೂ ಅದನ್ನೇ. ಬೆನೆಡಿಕ್ಟನ ಎರಡನೆಯ ಅಧ್ಯಾಯವು ಪೌಲನ ಆ ಮಾತನ್ನು ಆಧಾರವಾಗಿಟ್ಟುಕೊಂಡೇ ಮಠಾಧಿಪತಿಯ ಸ್ಥಾನವನ್ನು ವಿವರಿಸುತ್ತದೆ.

ಪ್ರಾಯಕ್ಕೆ ಬಂದ ಗಾಟ್‌ಶಾಕನು ತನ್ನ ಒಪ್ಪಿಗೆಯಿಲ್ಲದೆ ನಡೆದ ಅರ್ಪಣೆಯಿಂದ ಬಿಡುಗಡೆ ಬೇಡಿ ೮೨೯ರಲ್ಲಿ ಮೈಂಟ್ಸ್ ಸಭೆಯ ಮುಂದೆ ನಿಂತನು. ಸಭೆಯು ಅವನ ಮಾತನ್ನು ಮನ್ನಿಸಿದರೂ ಫುಲ್ಡಾದ ಮಠಾಧಿಪತಿ ಹ್ರಬಾನುಸ್ ಮೌರುಸನು ಚಕ್ರವರ್ತಿ ಲೂಯಿಗೆ ಮೊರೆಯಿಟ್ಟನು. ಬಾಲಾರ್ಪಣೆಯು ಬದ್ಧವೆಂದು ಸಮರ್ಥಿಸಿ ಗ್ರಂಥವನ್ನೇ ಬರೆದನು. ಗಾಟ್‌ಶಾಕನು ಫುಲ್ಡಾವನ್ನು ಬಿಟ್ಟನಾದರೂ ಸನ್ಯಾಸವನ್ನು ಬಿಡಲಾಗಲಿಲ್ಲ. ಮುಂದೆ ಓರ್ಬೆ ಮಠದಲ್ಲಿದ್ದು ಆಗಸ್ಟಿನನನ್ನು ಆಳವಾಗಿ ಓದಿದ ಇವನು, ಆಯ್ದವರಿಗೆ ಜೀವವೂ ಉಳಿದವರಿಗೆ ಮರಣವೂ ಮೊದಲೇ ನಿಶ್ಚಿತವೆಂಬ ದ್ವಿವಿಧ ಪೂರ್ವನಿರ್ಣಯವನ್ನು ಸಾರಿದನು. ಆ ವೇಳೆಗೆ ಹ್ರಬಾನುಸನು ಮೈಂಟ್ಸಿನ ಆರ್ಚ್‌ಬಿಷಪ್ಪನಾಗಿದ್ದನು! ೮೪೮ರಲ್ಲಿ ಮೈಂಟ್ಸ್ ಸಭೆಯು ಇವನನ್ನು ಖಂಡಿಸಿ ರೀಮ್ಸಿನ ಹಿಂಕ್‌ಮಾರನ ಕೈಗೊಪ್ಪಿಸಿತು. ೮೪೯ರಲ್ಲಿ ಕಿಯೆರ್ಸಿಯಲ್ಲಿ ಪೌರೋಹಿತ್ಯವನ್ನು ಕಿತ್ತುಕೊಂಡು, ಚಾವಟಿಯಿಂದ ಹೊಡೆದು, ಬರಹಗಳನ್ನು ಬೆಂಕಿಗೆ ಹಾಕಿಸಿ, ಓವಿಲ್ಯೆರ್ ಮಠದಲ್ಲಿ ಸೆರೆಯಿಟ್ಟರು. ಸುಮಾರು ಇಪ್ಪತ್ತು ವರ್ಷ ಅಲ್ಲಿಯೇ ಇದ್ದು ತೀರಿಕೊಂಡನು, ಮತವನ್ನು ಬಿಟ್ಟುಕೊಡಲಿಲ್ಲ.

ತನ್ನ ಇಚ್ಛೆಯಿಲ್ಲದೆ ಮಠದ ಮಗನಾದವನು, ಇಚ್ಛೆಗೆ ಎಡೆಯಿಲ್ಲದ ಸಿದ್ಧಾಂತವನ್ನು ಹಿಡಿದದ್ದೇಕೆ? ಬಾಲ್ಯದ ಗಾಯವೇ ಸಿದ್ಧಾಂತವಾಯಿತೆಂದು ಹೇಳುವುದು ಸುಲಭ, ಆಕರ್ಷಕವೂ ಹೌದು. ಆದರೆ ಹಾಗೆನ್ನಲು ದಾಖಲೆಯ ಆಧಾರವಿಲ್ಲ. ಬೇರೊಂದು ಊಹೆಗೆ ಅವಕಾಶವುಂಟು: ಮನುಷ್ಯರಾದ ತಂದೆಗಳು ಕೊಟ್ಟ ಸ್ಥಾನವನ್ನು ಸಭೆಗಳೂ ಚಕ್ರವರ್ತಿಗಳೂ ತಿದ್ದಬಹುದು, ದೇವರು ಕೊಟ್ಟ ಸ್ಥಾನವನ್ನು ಯಾರೂ ತಿದ್ದಲಾರರೆಂಬುದು ಅವನಿಗೆ ಆಸರೆಯಾಗಿದ್ದಿರಬಹುದು.

ಕ್ಯಾಲ್ವಿನ್ನನಲ್ಲಿಯೂ ಈ ಆಸರೆಯ ಮುಖವನ್ನು ಕಾಣಬಹುದು. ತನ್ನ ಮಹಾಗ್ರಂಥದ ೧೫೫೯ರ ಕೊನೆಯ ಆವೃತ್ತಿಯಲ್ಲಿ ಅವನು ಈ ವಿಷಯವನ್ನು ದೇವರ ಸ್ವರೂಪವನ್ನು ಕುರಿತ ಭಾಗದಲ್ಲಿಡದೆ, ಮೂರನೆಯ ಭಾಗದಲ್ಲಿ ಪ್ರಾರ್ಥನೆಯ ಅಧ್ಯಾಯವಾದ ಮೇಲೆ ಇಟ್ಟನು. ೧೬೪೦ರ ದಶಕದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದಲ್ಲಿ ನಿತ್ಯಸಂಕಲ್ಪವು ಮೂರನೆಯ ಅಧ್ಯಾಯಕ್ಕೂ ದತ್ತಪುತ್ರತ್ವವು ಹನ್ನೆರಡನೆಯದಕ್ಕೂ ಹೋದವು. ಹನ್ನೆರಡನೆಯದು ಒಂದೇ ಕಂಡಿಕೆಯ ಚಿಕ್ಕ ಅಧ್ಯಾಯ. ವಾದವಿವಾದಗಳೆಲ್ಲ ಮೂರನೆಯದನ್ನೇ ಹಿಡಿದು ನಡೆದುದರಿಂದ ನಮ್ಮ ಪಠ್ಯಪುಸ್ತಕಗಳಿಗೂ ಅದೊಂದೇ ಬಂದು ತಲುಪಿದೆ.

ಗಾಟ್‌ಶಾಕನನ್ನು ಬಹುಕಾಲ ಲೋಕವು ಹೆಚ್ಚಾಗಿ ಅವನ ವಿರೋಧಿಗಳ ಬರಹದಿಂದಲೇ ಅರಿತಿತ್ತು. ೧೯೩೧ರಲ್ಲಿ ಬರ್ನ್ ನಗರದ ಹಸ್ತಪ್ರತಿಯೊಂದರಲ್ಲಿ ಜರ್ಮೇನ್ ಮೊರಾನ್ ಎಂಬ ವಿದ್ವಾಂಸನು ಅವನ ಪ್ರಬಂಧಗಳನ್ನು ಗುರುತಿಸಿದನು. ೧೯೪೫ರಲ್ಲಿ ಅವು ಲಾಂಬೊನ ಸಂಪಾದಕತ್ವದಲ್ಲಿ ಅಚ್ಚಾದವು.