ಆರ್ಲಿಂಗ್ಟನ್‌ನಲ್ಲಿ ಮಕ್ಕಳು ನೋಡದೆ ಹೋಗುವ ಸಮಾಧಿಗಳು

ವಸಂತ ಬಂತೆಂದರೆ ಅಮೆರಿಕದ ನಾನಾ ಊರುಗಳ ಶಾಲಾ ಮಕ್ಕಳು ಬಸ್ಸುಗಟ್ಟಲೆ ವಾಷಿಂಗ್ಟನ್ನಿಗೆ ಬಂದಿಳಿಯುತ್ತಾರೆ. ಪೊಟೊಮ್ಯಾಕ್ ನದಿಯಾಚೆಯ ಆರ್ಲಿಂಗ್ಟನ್ ರಾಷ್ಟ್ರೀಯ ಸೇನಾ ಸ್ಮಶಾನ ಆ ಪ್ರವಾಸದಲ್ಲಿ ತಪ್ಪುವುದು ಕಡಿಮೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಿರುವ ಜಾಗ ಅದು.

ಹೆಚ್ಚಿನ ಗುಂಪುಗಳು ಕೆನಡಿ ಸಮಾಧಿಯ ಆರದ ಜ್ವಾಲೆ ನೋಡಿ ಅಜ್ಞಾತ ಯೋಧನ ಸಮಾಧಿಯತ್ತ ನಡೆಯುತ್ತವೆ. ಅದು ನೋಡಬೇಕಾದದ್ದೇ. 1937ರಿಂದ ಅಲ್ಲಿ ಹಗಲಿರುಳೂ ಕಾವಲಿದೆ. ಕಾವಲಿನ ಸೈನಿಕರು 21 ಹೆಜ್ಜೆ ನಡೆದು, ತಿರುಗಿ, 21 ಸೆಕೆಂಡು ನಿಲ್ಲುತ್ತಾರೆ. ಮೊದಲೇ ಅನುಮತಿ ಪಡೆದ ಶಾಲೆಗಳ ಮಕ್ಕಳು ಇಲ್ಲಿ ಪುಷ್ಪಚಕ್ರ ಇಡಬಹುದು. ವಿಯೆಟ್ನಾಂ ಯುದ್ಧದ ಅಜ್ಞಾತ ಯೋಧನ ಕತೆಯನ್ನಂತೂ ಅವರಿಗೆ ಹೇಳಲೇಬೇಕು. 1998ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಆತ ವಾಯುಪಡೆಯ ಮೈಕಲ್ ಬ್ಲಾಸಿ ಎಂದು ಗೊತ್ತಾಯಿತು. ಮನೆಯವರು ಸೇಂಟ್ ಲೂಯಿಗೆ ಒಯ್ದು ಮಣ್ಣು ಮಾಡಿದರು. ಇಲ್ಲಿನ ಆ ಗೋರಿ ಈಗ ಖಾಲಿ.

ಇಷ್ಟು ತೋರಿಸಿ ಮಕ್ಕಳನ್ನು ಬಸ್ಸು ಹತ್ತಿಸಿಬಿಟ್ಟರೆ ನನಗೆ ಸಂಕಟವಾಗುತ್ತದೆ. ಏಕೆಂದರೆ ಈ ಸ್ಮಶಾನ ಶುರುವಾದದ್ದೇ ಬೇರೆ ಕಡೆ, 27ನೇ ವಿಭಾಗದಲ್ಲಿ. 1864ರ ಮೇ 13ರಂದು ವಿಲಿಯಂ ಕ್ರಿಸ್ಟ್‌ಮನ್ ಎಂಬ ಸೈನಿಕನನ್ನು ಮೊದಲಿಗೆ ಹೂಳಿದ್ದು ಅಲ್ಲೇ. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿಯಾಗಿದ್ದ ರಾಬರ್ಟ್ ಲೀ ಕುಟುಂಬದ ಎಸ್ಟೇಟು ಇದು. ಗುಲಾಮರು ಬೆವರು ಸುರಿಸಿದ ನೆಲ. ಅದೇ 27ನೇ ವಿಭಾಗದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಸುಮಾರು 3,800 ಕಪ್ಪು ಜನರ ಸಮಾಧಿಗಳಿವೆ. ಅವರ ಕಲ್ಲುಗಳ ಮೇಲೆ ದಳದ ಹೆಸರಿಲ್ಲ, ಹುದ್ದೆಯಿಲ್ಲ. ‘ಸಿಟಿಜನ್’ ಅಥವಾ ‘ಸಿವಿಲಿಯನ್’ ಎಂದು ಕೆತ್ತಿದ್ದಾರೆ. ದೇಶಕ್ಕಾಗಿ ಹೋರಾಡಿದ ಕಪ್ಪು ಸೈನಿಕರನ್ನೂ ಇಲ್ಲಿ 1948ರವರೆಗೆ ಬೇರೆಯಾಗಿಯೇ ಹೂಳುತ್ತಿದ್ದರು.

ಜೇಮ್ಸ್ ಪಾರ್ಕ್ಸ್ ಈ ಎಸ್ಟೇಟಿನಲ್ಲೇ ಗುಲಾಮರಾಗಿ ಹುಟ್ಟಿದವರು. ಸ್ಮಶಾನದ ಮೊದಮೊದಲ ಗುಂಡಿಗಳನ್ನು ತೋಡಿದ ಕೈಗಳಲ್ಲಿ ಅವರವೂ ಇದ್ದವು. ಮುಂದೆ ಲೀ ಮನೆಯನ್ನು ಮೊದಲಿನ ರೂಪಕ್ಕೆ ತರಲು ಹೊರಟಾಗ ಬಾವಿ ಎಲ್ಲಿತ್ತು, ಅಡುಗೆಮನೆ ಎಲ್ಲಿತ್ತು, ಗುಲಾಮರ ಬಿಡಾರ ಎಲ್ಲಿತ್ತು ಎಂದು ತೋರಿಸಿಕೊಟ್ಟಿದ್ದು ಈ ಮುದುಕರ ನೆನಪು. 1929ರಲ್ಲಿ ತೀರಿಕೊಂಡಾಗ ವಿಶೇಷ ಅನುಮತಿ ನೀಡಿ, ಸೇನಾ ಗೌರವದೊಂದಿಗೆ ಅವರನ್ನು 15ನೇ ವಿಭಾಗದಲ್ಲಿ ಮಣ್ಣು ಮಾಡಿದರು. ಆರ್ಲಿಂಗ್ಟನ್‌ನಲ್ಲಿ ಸಮಾಧಿಯಾದವರ ಪೈಕಿ ಆ ನೆಲದಲ್ಲೇ ಹುಟ್ಟಿದವರು ಅವರೊಬ್ಬರೇ. ಮಕ್ಕಳು ಎಷ್ಟೋ ಸೇನಾಪತಿಗಳ ಹೆಸರು ಕೇಳಿಕೊಂಡು ಹೋಗುತ್ತಾರೆ. ಈ ಹೆಸರನ್ನೂ ಕೇಳಬೇಕು.

ವರ್ಜೀನಿಯಾ, ಮೇರಿಲ್ಯಾಂಡ್ ಶಾಲೆಗಳಲ್ಲಿ ಈಗ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ. ಆರ್ಲಿಂಗ್ಟನ್‌ನಲ್ಲೇ ಇರುವ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಸ್ಮಾರಕದಲ್ಲಿ ಕಲ್ಪನಾ ಚಾವ್ಲಾ ಹೆಸರು ಕಂಡರೆ ಅವರಿಗೆ ಖುಷಿಯಾಗುವುದು ಸಹಜ. ಜೊತೆಗೆ ಹೋಗುವ ಅಪ್ಪ ಅಮ್ಮಂದಿರು ಒಂದು ಕೆಲಸ ಮಾಡಬಹುದು. ಪಾರ್ಕ್ಸ್ ಅವರ ಕತೆಯನ್ನು ಬಸ್ಸಿನಲ್ಲೇ ಹೇಳಿ, 27ನೇ ವಿಭಾಗಕ್ಕೆ ಅರ್ಧ ಗಂಟೆ ಬಿಡುವು ಮಾಡಿಸಲು ಶಿಕ್ಷಕರನ್ನು ಮೊದಲೇ ಕೇಳಿಕೊಳ್ಳಬಹುದು. ಅಲ್ಲಿ ಮಕ್ಕಳು ತಾವೇ ಕಲ್ಲುಗಳ ನಡುವೆ ಓಡಾಡಿ, ತಮಗೆ ಕಂಡ ಒಂದೊಂದು ಹೆಸರನ್ನು ಬರೆದುಕೊಳ್ಳಲಿ. ಕೆನಡಿ ಸಮಾಧಿಯ ಬಳಿ ಹತ್ತು ನಿಮಿಷ ಕಡಿಮೆಯಾದರೆ ನಷ್ಟವೇನಿಲ್ಲ.