ನೆರಳು ಸರಿಯದ ಲೋಕ

ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ. ಬೆಳಿಗ್ಗೆ ಪಶ್ಚಿಮಕ್ಕೆ ಚಾಚಿಕೊಂಡಿದ್ದ ನೆರಳು ಮಧ್ಯಾಹ್ನಕ್ಕೆ ಬುಡದ ಬಳಿ ಮುದುಡಿ, ಸಂಜೆ ಪೂರ್ವಕ್ಕೆ ಕಾಲು ನೀಡುತ್ತದೆ. ನಮ್ಮ ಹಳೆಯ ಖಗೋಳ ಗ್ರಂಥಗಳು ಈ ಕೋಲನ್ನು ಶಂಕು ಎನ್ನುತ್ತವೆ. ಹನ್ನೆರಡು ಅಂಗುಲದ ಶಂಕುವಿನ ನೆರಳು ಅಳೆದೇ ದಿಕ್ಕು, ಹೊತ್ತು ಎಲ್ಲವನ್ನೂ ಗೊತ್ತುಮಾಡುತ್ತಿದ್ದರು. ಗ್ರೀಕರ ಬಾಯಲ್ಲಿ ಇದೇ ನೋಮನ್. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2022ರಲ್ಲಿ ಆರಂಭಿಸಿದ ನಾಮಕರಣ ಸ್ಪರ್ಧೆಯಲ್ಲಿ ಈ ಹೆಸರು ಒಂದು ಪುಟ್ಟ ನಕ್ಷತ್ರದ ಪಾಲಾಯಿತು. ಅದರ ಗ್ರಹಕ್ಕೆ ಸಿಕ್ಕಿದ್ದು ಆಸ್ಟ್ರೊಲಾಬೊಸ್. ವಿಜ್ಞಾನಿಗಳು ಮಾತ್ರ ಈಗಲೂ ಪಟ್ಟಿಯ ಹೆಸರನ್ನೇ ಹಿಡಿದಿದ್ದಾರೆ: ನಕ್ಷತ್ರ ವಾಸ್ಪ್-43, ಗ್ರಹ ವಾಸ್ಪ್-43ಬಿ.

ಹೆಸರಿಟ್ಟವರು ಯೋಚಿಸಿದ್ದರೋ ಇಲ್ಲವೋ, ಇದರಲ್ಲೊಂದು ತಮಾಷೆಯಿದೆ. ಆ ಗ್ರಹದಲ್ಲಿ ಶಂಕುವಿನ ನೆರಳು ಕೂದಲೆಳೆಯಷ್ಟೂ ಸರಿಯುವುದಿಲ್ಲ.

ಕಾರಣ, ಅದು ತನ್ನ ನಕ್ಷತ್ರಕ್ಕೆ ಅಷ್ಟು ಹತ್ತಿರ. ನಮ್ಮ ಗುರು ಗ್ರಹ ಸೂರ್ಯನಿಂದ ಸುಮಾರು 78 ಕೋಟಿ ಕಿಲೋಮೀಟರ್ ದೂರ ನಿಂತು, ಒಂದು ಸುತ್ತಿಗೆ ಹನ್ನೆರಡು ವರ್ಷ ತೆಗೆದುಕೊಳ್ಳುತ್ತದೆ. ಗಾತ್ರದಲ್ಲಿ ಗುರುವಿನಷ್ಟೇ, ತೂಕದಲ್ಲಿ ಅದರ ಇಮ್ಮಡಿ ಇರುವ ಈ ಅನಿಲದ ದೈತ್ಯ ತನ್ನ ನಕ್ಷತ್ರದಿಂದ ಇರುವುದು ಬರೀ 22 ಲಕ್ಷ ಕಿಲೋಮೀಟರ್ ಆಚೆ. ನಮಗೂ ಚಂದ್ರನಿಗೂ ಇರುವ ಅಂತರದ ಆರು ಪಟ್ಟೂ ಆಗಲಿಲ್ಲ. ಸುತ್ತು ಮುಗಿಯುವುದು ಹತ್ತೊಂಬತ್ತೂವರೆ ಗಂಟೆಯಲ್ಲಿ. ನಮ್ಮ ಒಂದು ವರ್ಷಕ್ಕೆ ಅಲ್ಲಿ 450 ವರ್ಷ. ಬೆಳಿಗ್ಗೆ ಆರಕ್ಕೆ ಯುಗಾದಿಯ ಬೇವು-ಬೆಲ್ಲ ತಿಂದವರಿಗೆ ನಡುರಾತ್ರಿ ಒಂದೂವರೆಗೆ ಮುಂದಿನ ಯುಗಾದಿ!

ಇಷ್ಟು ಸನಿಹದಲ್ಲಿ ನಕ್ಷತ್ರದ ಸೆಳೆತ ಗ್ರಹದ ಮೈಯನ್ನೇ ಹಿಗ್ಗಿಸಿ, ಅದರ ತಿರುಗುವಿಕೆಗೆ ಕಡಿವಾಣ ಹಾಕುತ್ತದೆ. ಕೊನೆಗೆ ಗ್ರಹ ಒಂದು ಸುತ್ತು ಹಾಕುವಷ್ಟರಲ್ಲಿ ತಾನೂ ಸರಿಯಾಗಿ ಒಂದೇ ಸಲ ತಿರುಗುವಂತಾಗುತ್ತದೆ. ಚಂದ್ರ ನಮಗೆ ಯಾವಾಗಲೂ ಒಂದೇ ಮುಖ ತೋರಿಸುವುದೂ ಹೀಗೆಯೇ. ಹಾಗಾಗಿ ವಾಸ್ಪ್-43ಬಿಯ ಒಂದು ಮಗ್ಗುಲಿಗೆ ಸದಾ ಹಗಲು, ಇನ್ನೊಂದಕ್ಕೆ ಸದಾ ಇರುಳು. ಹಗಲಿನ ಮಗ್ಗುಲಿನ ಆಕಾಶದಲ್ಲಿ ನಕ್ಷತ್ರ ನಮ್ಮ ಸೂರ್ಯಬಿಂಬಕ್ಕಿಂತ ನಲವತ್ತಕ್ಕೂ ಹೆಚ್ಚು ಪಟ್ಟು ಅಗಲವಾಗಿ, ಮೊಳೆ ಹೊಡೆದಂತೆ ಇದ್ದಲ್ಲೇ ಇರುತ್ತದೆ. ಶಂಕು ನೆಡಲು ಅಲ್ಲಿ ನೆಲವಿಲ್ಲ ಎಂಬ ತಕರಾರನ್ನು ಸದ್ಯಕ್ಕೆ ಬದಿಗಿಡೋಣ.

ಇದನ್ನು ಪತ್ತೆ ಮಾಡಿದ ಉಪಕರಣ ನನಗೆ ಬಹಳ ಇಷ್ಟ. ದಕ್ಷಿಣ ಆಫ್ರಿಕಾದ ಸದರ್ಲೆಂಡ್‌ನಲ್ಲಿ ಇಟ್ಟಿದ್ದದ್ದು ಮಹಾ ಟೆಲಿಸ್ಕೋಪನ್ನಲ್ಲ, ಎಂಟು ಕ್ಯಾಮೆರಾಗಳನ್ನು. ಅವಕ್ಕೆ ಜೋಡಿಸಿದ್ದು ಛಾಯಾಗ್ರಾಹಕರು ಬಳಸುವಂಥ 200 ಮಿಲಿಮೀಟರ್ ಕ್ಯಾನನ್ ಲೆನ್ಸುಗಳು. ಸಾವಿರಾರು ನಕ್ಷತ್ರಗಳ ಬೆಳಕನ್ನು ರಾತ್ರಿಯಿಡೀ ಅಳೆಯುತ್ತ ಯಾವುದು ಗಡಿಯಾರ ತಪ್ಪದೆ ಮಬ್ಬಾಗುತ್ತದೆ ಎಂದು ಕಾಯುವುದೇ ಅವುಗಳ ಕೆಲಸ. 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸಂಕ್ರಮಣ ನೋಡಿದವರಿಗೆ ವಿಷಯ ಗೊತ್ತು: ಸೂರ್ಯನ ಮೇಲೆ ಕರಿ ಚುಕ್ಕೆ ಹಾದುಹೋದಾಗ ಅಷ್ಟು ಬೆಳಕು ಕಡಿಮೆಯಾಗುತ್ತದೆ. ನಕ್ಷತ್ರ ಚಿಕ್ಕದಾದಷ್ಟೂ ನಮಗೆ ಲಾಭ. ಗುರು ಗ್ರಹ ಸೂರ್ಯನ ಮುಂದೆ ಹಾದರೆ ಬೆಳಕು ನೂರರಲ್ಲಿ ಒಂದು ಪಾಲು ಇಳಿದೀತು. ವಾಸ್ಪ್-43 ಸೂರ್ಯನ ಮೂರನೇ ಎರಡರಷ್ಟು ಅಗಲದ ಕಿತ್ತಳೆ ಬಣ್ಣದ ಕುಬ್ಜ; ಅದರ ಮುಂದೆ ಅಷ್ಟೇ ದೊಡ್ಡ ಗ್ರಹ ಹಾದರೆ ಇಳಿಕೆ ಎರಡೂವರೆ ಪಾಲು. ಗ್ರಹದ ತೂಕವನ್ನು ಚಿಲಿಯ ಲಾ ಸಿಲ್ಲಾದಲ್ಲಿರುವ ಆಯ್ಲರ್ ಟೆಲಿಸ್ಕೋಪು ಹೇಳಿತು, ಅದರ ಸೆಳೆತಕ್ಕೆ ನಕ್ಷತ್ರ ಎಷ್ಟು ಓಲಾಡುತ್ತದೆಂದು ನೋಡಿ. 2011ರಲ್ಲಿ ಸುದ್ದಿ ಪ್ರಕಟವಾಯಿತು.

ಗ್ರಹ ಇದೆ, ಸರಿ. ಆದರೆ 280 ಜ್ಯೋತಿರ್ವರ್ಷ ದೂರದಲ್ಲಿ, ಚುಕ್ಕೆಯಾಗಿಯೂ ಬೇರೆ ಕಾಣದ ಅದರ ಇರುಳಿನ ಕಾವು ಎಷ್ಟೆಂದು ತಿಳಿಯುವುದು ಹೇಗೆ? ಹಾಲು ಅಳೆಯುವವರು ಮೊದಲು ಖಾಲಿ ಪಾತ್ರೆಯನ್ನು ತೂಗುತ್ತಾರಲ್ಲ, ಅದೇ ಉಪಾಯ. ಗ್ರಹ ನಕ್ಷತ್ರದ ಹಿಂದೆ ಮರೆಯಾದಾಗ ಸಿಗುವುದು ನಕ್ಷತ್ರದ್ದಷ್ಟೇ ಬೆಳಕು: ಖಾಲಿ ಪಾತ್ರೆ. ಮಿಕ್ಕ ಹೊತ್ತಿನಲ್ಲಿ ಬರುವುದರಿಂದ ಅದನ್ನು ಕಳೆದರೆ ಉಳಿಯುವುದು ಗ್ರಹದ ಪಾಲು. ಮರೆಯಾಗುವ ಮುನ್ನ ಅದು ಹಗಲಿನ ಮಗ್ಗುಲನ್ನು ನಮ್ಮತ್ತ ಹೊರಳಿಸಿರುತ್ತದೆ, ಒಂದು ಬಗೆಯ ಹುಣ್ಣಿಮೆ. ನಕ್ಷತ್ರದ ಮುಂದೆ ಹಾಯುವಾಗ ಕಾಣುವುದು ಇರುಳಿನ ಮಗ್ಗುಲು, ಅದು ಅಮಾವಾಸ್ಯೆ. ನಮ್ಮ ಚಂದ್ರ ಅಮಾವಾಸ್ಯೆಯಂದು ಕತ್ತಲಾಗುತ್ತಾನೆ. ಈ ಗ್ರಹ ಅತಿಗೆಂಪು ಕಣ್ಣಿಗೆ ಆಗಲೂ ಮಿನುಗುತ್ತದೆ, ಬಿಸಿಯಾದ ಕಾವಲಿ ಕತ್ತಲಲ್ಲೂ ಶಾಖ ಹೊಮ್ಮಿಸುವ ಹಾಗೆ.

2022ರ ಡಿಸೆಂಬರ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಒಂದು ದಿನಕ್ಕೂ ಹೆಚ್ಚು ಕಾಲ ರೆಪ್ಪೆ ಬಡಿಯದೆ ಇದನ್ನು ನೋಡಿತು. ಹತ್ತು ಸೆಕೆಂಡಿಗೊಂದು ಅಳತೆ, ಒಟ್ಟು ಎಂಟು ಸಾವಿರಕ್ಕೂ ಮಿಕ್ಕಿ. ಟೇಲರ್ ಬೆಲ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಹಗಲಿನ ಮಗ್ಗುಲು ಸುಮಾರು 1,250 ಡಿಗ್ರಿ ಸೆಲ್ಸಿಯಸ್, ಇರುಳಿನದು 600 ಡಿಗ್ರಿ. ಎಂದೂ ಬಿಸಿಲು ಕಾಣದ ಕಡೆ ಆರುನೂರು ಡಿಗ್ರಿ ಎಲ್ಲಿಂದ ಬಂತು? ಗಾಳಿ ಹೊತ್ತು ತಂದದ್ದು. ಗಂಟೆಗೆ 8,000 ಕಿಲೋಮೀಟರ್ ವೇಗದಲ್ಲಿ ಅದು ಪೂರ್ವಕ್ಕೆ ಬೀಸುತ್ತದೆ. ಹಗಲಿನ ಮಗ್ಗುಲಿನಲ್ಲಿ ಅತಿ ಬಿಸಿ ಜಾಗ ನಕ್ಷತ್ರದ ನೇರ ಕೆಳಗಿಲ್ಲ, ತುಸು ಪೂರ್ವಕ್ಕೆ ಸರಿದಿದೆ. ಅದೂ ಗಾಳಿಯದೇ ಕೆಲಸ. ಇರುಳಿನ ಮೇಲೆ ಎತ್ತರದ ದಟ್ಟ ಮೋಡದ ಹೊದಿಕೆಯಿದೆ. ಅದು ಒಳಗಿನ ಶಾಖವನ್ನು ಹೊರಬಿಡದ ಕಾರಣ, ಇರುಳು ಇರಬೇಕಾದದ್ದಕ್ಕಿಂತ ಮಂಕಾಗಿ ತೋರುತ್ತದೆ.

ಎರಡೂ ಮಗ್ಗುಲಲ್ಲಿ ನೀರಾವಿ ಕಂಡಿತು. ಮೀಥೇನ್ ಮಾತ್ರ ಎಲ್ಲೂ ಕಾಣಲಿಲ್ಲ. ಹಗಲಿನ ಉರಿಯಲ್ಲಿ ಅದು ಉಳಿಯದು, ನಿಜ. ಆದರೆ 600 ಡಿಗ್ರಿಯ ತಂಪಿನಲ್ಲಿ (ಅಲ್ಲಿಯ ಮಟ್ಟಿಗೆ ಅದು ತಂಪೇ!) ಇಂಗಾಲ ಮೀಥೇನ್ ಆಗಬೇಕಿತ್ತು. ಆದರೆ ಹಾಗೆ ಆಗಲು ಸಮಯ ಬೇಕು. ಅರ್ಧ ಗ್ರಹ ದಾಟಲು ಆ ಗಾಳಿಗೆ ಒಂದೂಕಾಲು ದಿನ ಸಾಕು, ಅಷ್ಟರಲ್ಲಿ ಅನಿಲ ಮತ್ತೆ ಉರಿಗೆ ಬಂದಿರುತ್ತದೆ. ಹೆಪ್ಪು ಹಾಕಿದ ಹಾಲನ್ನು ಕಲಕುತ್ತಲೇ ಇದ್ದರೆ ಮೊಸರಾಗುವುದೆಲ್ಲಿಂದ? ಇಡೀ ಕಥೆಯಲ್ಲಿ ನನಗೆ ಅತಿ ರುಚಿಸಿದ್ದು ಇದೇ: ಇಲ್ಲದ ಒಂದು ಅನಿಲ ಗಾಳಿಯ ವೇಗಕ್ಕೆ ಸಾಕ್ಷಿ ನುಡಿಯಿತು.

ಇಂಥ ಗ್ರಹ ಅಲ್ಲೇ ಹುಟ್ಟಿರಲಾರದು. ದೂರದ ತಂಪಿನಲ್ಲಿ ಬೆಳೆದು ಒಳಕ್ಕೆ ಸರಿದಿರಬೇಕು ಎಂಬುದು ಬಹುಮತ. ಹಾಗಾದರೆ ಇನ್ನೂ ಒಳಕ್ಕೆ ಜಾರುತ್ತಿದೆಯೇ? ಜಾರಿದರೆ ಅದರ ವರ್ಷ ಕಿರಿದಾಗಬೇಕು. 2016ರಲ್ಲಿ ಒಂದು ತಂಡ ಹಾಗೆ ಆಗುತ್ತಿದೆ ಎಂದಿತು. ಅದೇ ವರ್ಷ ಇನ್ನೊಂದು ತಂಡ ಮತ್ತಷ್ಟು ಸಂಕ್ರಮಣಗಳನ್ನು ಅಳೆದು, ಅಂಥದ್ದೇನೂ ಕಾಣುತ್ತಿಲ್ಲ ಎಂದಿತು. ಈ ಅಳತೆಗೆ ಬಾಹ್ಯಾಕಾಶದ ದೂರದರ್ಶಕವೇ ಬೇಕೆಂದಿಲ್ಲ. ಸಣ್ಣ ಟೆಲಿಸ್ಕೋಪಿಗೆ ಒಳ್ಳೆಯ ಕ್ಯಾಮೆರಾ ಜೋಡಿಸಿದ ಹವ್ಯಾಸಿಗಳೂ ಆ ಎರಡೂವರೆ ಪಾಲಿನ ಮಬ್ಬನ್ನು ಹಿಡಿಯುತ್ತಾರೆ. ಫೆಬ್ರವರಿ, ಮಾರ್ಚ್‌ನ ಇರುಳು ಮಖಾ ನಕ್ಷತ್ರದಿಂದ ದಕ್ಷಿಣಕ್ಕೆ, ಒಂದು ಗೇಣು ಕೆಳಗೆ ಗುರಿಯಿಟ್ಟರೆ ಅಲ್ಲಿದೆ ಅದು. ಬರಿಗಣ್ಣಿಗೆ ಕಾಣುವುದಿಲ್ಲ. ಪ್ರತಿ ಮಬ್ಬೂ ಸುಮಾರು ಎಪ್ಪತ್ತು ನಿಮಿಷ, ಮುಂದಿನದು ಹತ್ತೊಂಬತ್ತೂವರೆ ಗಂಟೆಗೆ.